ಹಳ್ಳಿ ಹುಡುಕಿದರೆ ಹಳ್ಳ ಸಿಗುವ ಕ್ಯಾಟಲಾಗ್

ರಾಯಚೂರು, ಬಳ್ಳಾರಿ, ಕೊಪ್ಪಳ ಸೀಮೆಯ ದೊಡ್ಡ ಗ್ರಂಥಾಲಯಕ್ಕೆ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಹಾಕಿಸಿ ಡಾಟಾ ಎಂಟ್ರಿಗೆ ಜನ ಕೂರಿಸುವ ಮೊದಲು, ಹತ್ತಿಪ್ಪತ್ತು ಪುಸ್ತಕ ಸೇರಿಸಿ ‘ಹಳ್ಳಿ’ ಎಂದು ಹುಡುಕಿ ನೋಡಿ. ‘ಹಳ್ಳ’ ಇರುವ ಶೀರ್ಷಿಕೆಯೂ ಬಂದರೆ ಅಲ್ಲಿಗೇ ನಿಲ್ಲಿಸಿ. ಹುಡುಕಾಟಕ್ಕೆ ಪದಗಳ ಪಟ್ಟಿ (ಇಂಡೆಕ್ಸ್) ಮಾಡುವಾಗ ಅಕ್ಷರಗಳನ್ನು ಹೇಗೆ ಓದಬೇಕೆಂದು ಹೇಳುವ ಐಸಿಯು ಕಡತದಲ್ಲಿ, ಜಾಗ ಹಿಡಿಯದ ಚಿಹ್ನೆಗಳನ್ನು ಕಿತ್ತುಹಾಕುವ ಸಾಲು ಇದೆಯೇ ನೋಡಬೇಕು. ಫ್ರೆಂಚ್ ಅಕ್ಷರದ ತಲೆಮೇಲಿನ ಗೀಟಿಗೆ ಅದು ಸರಿ. ಆದರೆ ಯೂನಿಕೋಡ್ ಲೆಕ್ಕದಲ್ಲಿ ನಮ್ಮ ಗುಡಿಸು, ಎತ್ವ, ಒತ್ತಕ್ಷರ ಕೂಡಿಸುವ ಹಲಂತವೂ ಅದೇ ಗುಂಪು. ಇಳಿ, ಕೊಂಬಿನಂಥವು ಬಚಾವು. ಹೀಗಾಗಿ ‘ಹಳ್ಳ’, ‘ಹಳ್ಳಿ’ ಎರಡೂ ಒಳಗೆ ‘ಹಳಳ’ ಆಗಿ ಕೂರುತ್ತವೆ. ಸಾಲು ತೆಗೆದರಷ್ಟೇ ಸಾಲದು, ಪೂರ್ತಿ ರೀಇಂಡೆಕ್ಸ್ ಆಗಬೇಕು. (ಪರೀಕ್ಷೆ ‘ಹಳ್ಳಿ’ಯಿಂದಲೇ ಶುರುವಾಗಲಿ. ‘ಹಳ್ಳ’ದಿಂದ ಹುಡುಕಿದರೆ, ಪದದ ಬಾಲ ಬಿಟ್ಟು ಹುಡುಕುವ ಸೆಟ್ಟಿಂಗ್‌ನಿಂದಲೂ ‘ಹಳ್ಳಿ’ ಬರಬಹುದು.)

ವಿಭಕ್ತಿಯ ಕಾಟ ಬೇರೆ. ‘ರಾಯಚೂರು’ ಕೊನೆಗೆ, ಮುಂದೆ ಏನಿದ್ದರೂ ಸರಿ ಎನ್ನುವ ನಕ್ಷತ್ರ ಚಿಹ್ನೆ ಹಾಕಿದರೆ ‘ರಾಯಚೂರಿನ’ ಸಿಗುವುದಿಲ್ಲ. ಕೊಂಬು ಬಿಟ್ಟು ‘ರಾಯಚೂರ’ ಎಂದು ಬರೆದು ನಕ್ಷತ್ರ ಹಾಕಬೇಕು. ಬಳ್ಳಾರಿ, ಕೊಪ್ಪಳಕ್ಕೆ ಈ ತಾಪತ್ರಯವಿಲ್ಲ. ಕೌಂಟರಿನಲ್ಲಿ ಒಂದು ಚೀಟಿ ಅಂಟಿಸಿದರೆ ಸಾಕು.

‘ನುಡಿ’ ತಂತ್ರಾಂಶದ ಹಳೆ ಫಾಂಟಿನ ಎಕ್ಸೆಲ್ ಪಟ್ಟಿಯನ್ನು ಹಾಗೇ ಯೂನಿಕೋಡ್ ಕನ್ವರ್ಟರಿಗೆ ಹಾಕಬೇಡಿ. ಆ ಫಾಂಟಿನ ಕನ್ನಡ ಒಳಗೆ ಇಂಗ್ಲಿಷ್ ಕೋಡುಗಳೇ. ಅದೇ ಕಾಲಮ್ಮಿನ ನಿಜವಾದ ಇಂಗ್ಲಿಷ್ ಶೀರ್ಷಿಕೆಯೂ ಕಲಸುಮೇಲೋಗರವಾಗುತ್ತದೆ. ಮೊದಲು ಕಾಲಮ್ ಬೇರ್ಪಡಿಸಿ, ಆಮೇಲೆ ಪರಿವರ್ತಿಸಿ, ಕೊನೆಗೆ ಎಲ್ಲವನ್ನೂ, ಒಂದೇ ಅಕ್ಷರವನ್ನು ಎಲ್ಲೆಡೆ ಒಂದೇ ರೀತಿ ಬರೆಯುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ‘ಕೋ’ದ ಸ್ವರಚಿಹ್ನೆಯನ್ನು ಒಂದು ಕೋಡಿನಲ್ಲೂ ಬರೆಯಬಹುದು, ಮೂರರಲ್ಲೂ ಬರೆಯಬಹುದು, ಕಣ್ಣಿಗೆ ವ್ಯತ್ಯಾಸ ಕಾಣದು.

ರಾಯಚೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, ಬಳ್ಳಾರಿ 1953ರವರೆಗೆ ಮದ್ರಾಸಿನ ಪಾಲಾಗಿತ್ತು. ಹಾಗಾಗಿ ಇಲ್ಲಿನ ಕಪಾಟಿನಲ್ಲಿ ಉರ್ದು, ತೆಲುಗು ಇದ್ದೇ ಇರುತ್ತವೆ ಎಂದುಕೊಂಡೇ ವಿನ್ಯಾಸ ಮಾಡಿ. ಪುಸ್ತಕದ ದಾಖಲೆಯನ್ನು ಅಂಕಿ ಹೆಸರಿನ ಕ್ಷೇತ್ರಗಳಾಗಿ ವಿಂಗಡಿಸುವ ಮಾರ್ಕ್ ಮಾದರಿಯಲ್ಲಿ, ಮೂಲ ಲಿಪಿಯನ್ನು 880ರಲ್ಲಿ ಇಟ್ಟು, ಉಪಕ್ಷೇತ್ರ 6ರಿಂದ ಶೀರ್ಷಿಕೆಯ 245ಕ್ಕೆ ಜೋಡಿಸಿ. ಉರ್ದುವಿನ ‘ಯೇ’, ‘ಕಾಫ್’ ಅಕ್ಷರಗಳಿಗೆ ಅರಬ್ಬಿ ಕೀಬೋರ್ಡಿನಲ್ಲಿ ಬೇರೆ ಕೋಡ್ ಬೀಳುತ್ತದೆ. ಎನ್‌ಎಫ್‌ಸಿ ಇದನ್ನು ಸರಿಪಡಿಸದು, ಬದಲಿ ಪಟ್ಟಿ ನೀವೇ ಬರೆಯಬೇಕು.

ಹೆಸರುಗಳಿಗೆ, ಒಂದು ರೂಪವನ್ನು ಅಧಿಕೃತ ಮಾಡಿ ಉಳಿದವನ್ನು ಅದಕ್ಕೆ ಜೋಡಿಸುವ ಅಥಾರಿಟಿ ದಾಖಲೆ ಬಿಟ್ಟರೆ ಗತಿಯಿಲ್ಲ. ಕೊಪ್ಪಳ ಸೀಮೆಯ ಕವಿ ಸಿದ್ಧಯ್ಯ ಪುರಾಣಿಕರ ಹೆಸರಿನ ಒಂದೇ ರೂಪ 100ರಲ್ಲಿ, ‘ಸಿದ್ದಯ್ಯ’ ಎಂಬ ಕಾಗುಣಿತ, ‘ಕಾವ್ಯಾನಂದ’ ಎಂಬ ಕಾವ್ಯನಾಮ 400ರಲ್ಲಿ. ಊರಿಗೂ ಇದೇ ಕ್ರಮ: 151ರಲ್ಲಿ ಬಳ್ಳಾರಿ, 451ರಲ್ಲಿ ಹಳೆಯ ಇಂಗ್ಲಿಷ್ ಕಾಗುಣಿತ. ಪ್ರಕಟಣೆಯ ಸ್ಥಳವನ್ನು ಮಾತ್ರ ತಿದ್ದಬೇಡಿ, ಶೀರ್ಷಿಕೆ ಪುಟದಲ್ಲಿ ಅಚ್ಚಾದಂತೆಯೇ ಬರೆಯಿರಿ.