ಎರಡು ಇಂಚು ಸೇರಿಸಿ ಬೈಸಿಕೊಂಡೆ

ಪುಣೆಯ ಹಿಂಜವಡಿಯಲ್ಲಿ ನನ್ನದು ನೈಟ್ ಶಿಫ್ಟ್. ಅಮೆರಿಕದ ಬಫಲೋ ಸುತ್ತಮುತ್ತ ಓಡುವ ಟ್ರಕ್‌ಗಳ ವೇಳಾಪಟ್ಟಿಯನ್ನು ಇಲ್ಲಿಂದ ನೋಡಿಕೊಳ್ಳುತ್ತೇನೆ. ಧಾರವಾಡದವನು ನಾನು, ಹಿಮ ಅಂತ ನೋಡಿದ್ದು ಫ್ರಿಜ್ಜಿನೊಳಗೆ ಮಾತ್ರ.

ನಮ್ಮ ಡೆಸ್ಕಿನಲ್ಲಿ ಬೆಳಗಾವಿಯ ಗೆಳೆಯನೊಬ್ಬನ ವಾದ ಬಹಳ ದಿನದಿಂದ ಚಾಲ್ತಿಯಲ್ಲಿತ್ತು. "ಅಲ್ಲಿನ ಹವಾಮಾನದವರು ಅಂಜುಬುರುಕರು, ದೊಡ್ಡ ಅಂಕಿ ಹೇಳೋಕೆ ಹೆದರಿ ಹಿಮ ಕಡಿಮೆಯೇ ಹೇಳ್ತಾರೆ. ನಾಲ್ಕು ಇಂಚು ಅಂದ್ರೆ ಆರು ಅಂತ ಹಿಡ್ಕೋ." ಒಂದು ಜನವರಿಯಲ್ಲಿ ನಾನೂ ಹಾಗೇ ಹಿಡಿದು, ಟ್ರಕ್‌ಗಳನ್ನು ಗೋದಾಮಿನಲ್ಲೇ ನಿಲ್ಲಿಸಿದೆ. ಮರುದಿನ ಸಂಜೆ ಶಿಫ್ಟಿಗೆ ಬಂದಾಗ ಅಲ್ಲಿ ಆಗಷ್ಟೇ ಬೆಳಕು ಹರಿದಿತ್ತು. ಡ್ರೈವರ್ ಕಳಿಸಿದ ಫೋಟೊದಲ್ಲಿ ರಸ್ತೆ ಕಪ್ಪಗೆ, ಒದ್ದೆಯಾಗಿತ್ತು. ಅಂಚಿನಲ್ಲಿ ತೊಳೆದಿಟ್ಟ ಅಕ್ಕಿಯಂತೆ ಒಂಚೂರು ಹಿಮ. ಮ್ಯಾನೇಜರ್ ಏನಂದರು ಅನ್ನೋದು ಬೇಡ ಬಿಡಿ.

ಸಿಟ್ಟಿಗೆ ಆ ಚಳಿಗಾಲದ ಹಳೆಯ ಮೇಲ್‌ಗಳನ್ನೆಲ್ಲ ಕೆದಕಿದೆ. ಕಡಿಮೆ ಹೇಳಿ ಜಾಸ್ತಿ ಬಿದ್ದ ದಿನಗಳಿದ್ದವು. ಜಾಸ್ತಿ ಹೇಳಿ ಕಡಿಮೆ ಬಿದ್ದವೂ ಇದ್ದವು. ಎರಡನೆಯವು ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಆ ದಿನ ಟ್ರಕ್ ಸಿಕ್ಕಿಹಾಕಿಕೊಂಡಿರಲಿಲ್ಲ ನೋಡಿ! 2015ರ ಜನವರಿಯಲ್ಲಿ ನ್ಯೂಯಾರ್ಕ್ ನಗರಕ್ಕೆ 20ರಿಂದ 30 ಇಂಚು ಅಂದಿದ್ದರು. ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದದ್ದು 9.8. ಅಂಜುಬುರುಕರು ಹಾಗೆ ಹೇಳ್ತಾರಾ?

ಬಫಲೋದ ಕಷ್ಟ ಬೇರೆ. ಈರಿ ಸರೋವರದ ಮೇಲಿಂದ ತಣ್ಣನೆ ಗಾಳಿ ಬೀಸಿದಾಗ ಹಿಮ ಕಿರಿದಾದ ಪಟ್ಟಿಯಾಗಿ ಸುರಿಯುತ್ತದೆ. 2014ರ ನವೆಂಬರಿನಲ್ಲಿ ದಕ್ಷಿಣದ ಊರುಗಳಲ್ಲಿ 5 ಅಡಿಗೂ ಜಾಸ್ತಿ ಬಿತ್ತು, ಕೆಲವೇ ಮೈಲಿ ಉತ್ತರಕ್ಕೆ ಬರೀ ಕೆಲವು ಇಂಚು. ಗೆಳೆಯನಿಗೆ ಮುಂಬೈ ನೆನಪಿಸಿದೆ. 2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ 944 ಮಿ.ಮೀ. ಮಳೆ, ಕೊಲಾಬಾದಲ್ಲಿ 75 ಕೂಡ ಇಲ್ಲ. ಮುಂಬೈಗೆ ಎಷ್ಟು ಮಳೆ ಅಂತ ಒಂದೇ ಅಂಕಿ ಕೇಳಿದರೆ ಏನು ಹೇಳೋದು? ಹಿಮದಲ್ಲಿ ಇನ್ನೊಂದು ತಕರಾರೂ ಇದೆ. ಒಂದು ಇಂಚು ನೀರು ಸಾಮಾನ್ಯವಾಗಿ 10 ಇಂಚು ಹಿಮವಾಗುತ್ತದೆ, ಚಳಿ ಕೊರೆಯುತ್ತಿದ್ದರೆ 20 ಕೂಡ ಆಗಬಹುದು.

ಅಲ್ಲಿನ ಹವಾಮಾನ ಇಲಾಖೆ ನಿರೀಕ್ಷಿತ ಅಂಕಿಯ ಪಕ್ಕದಲ್ಲೇ ಇನ್ನೊಂದನ್ನೂ ಕೊಡುತ್ತದೆ. ಹತ್ತರಲ್ಲಿ ಒಂದು ಸಲ ಅದಕ್ಕಿಂತ ಜಾಸ್ತಿ ಬೀಳಬಹುದು ಅನ್ನೋ ಅಂಕಿ. ನಾವು ಅದನ್ನು ತೆರೆದೇ ನೋಡಿರಲಿಲ್ಲ. ಈಗ ಶೀಟಿನಲ್ಲಿ ಎರಡೂ ಇವೆ. ಔಷಧಿ ಟ್ರಕ್ಕಿಗೆ ದೊಡ್ಡ ಅಂಕಿ ನೋಡುತ್ತೇವೆ, ಸೋಫಾ, ಮಂಚಕ್ಕೆ ಸಾಮಾನ್ಯದ್ದು. ಗೆಳೆಯ ಮೂರನೇ ಕಾಲಂ ಮಾಡಿಕೊಂಡು ತನ್ನ ಎರಡು ಇಂಚು ಸೇರಿಸುತ್ತಲೇ ಇದ್ದಾನೆ. ಸೋತವರು ಚಹಾ ಕೊಡಿಸಬೇಕು, ಅಷ್ಟೇ.