ಬ್ಯಾಟನ್ ಬಿದ್ದರೆ ಯಾರ ತಪ್ಪು?

ಆಶ್ಲೇಷ ಮಳೆ ಕೊಂಚ ಬಿಡುವು ಕೊಟ್ಟ ಶನಿವಾರ ಬೆಳಿಗ್ಗೆ. ಚಿಕ್ಕಮಗಳೂರಿನ ಶಾಲಾ ಮೈದಾನವೊಂದರಲ್ಲಿ ಹೈಸ್ಕೂಲು ಹುಡುಗಿಯರ 4x100 ರಿಲೇ ಅಭ್ಯಾಸ: ನಾಲ್ವರು ತಲಾ ನೂರು ಮೀಟರ್ ಓಡಿ, ಬ್ಯಾಟನ್ ಎಂಬ ಕೋಲನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ಓಟ. ಹಿಂದಿನ ದಿನ ಎಳೆದಿದ್ದ ಸುಣ್ಣದ ಗೆರೆ ರಾತ್ರಿ ಮಳೆಗೆ ತೊಳೆದುಹೋಗಿತ್ತು. ಮತ್ತೆ ಟೇಪು ಹಿಡಿದು ಅಳೆದದ್ದಾಯಿತು: ನೂರು ಮೀಟರ್ ಗೆರೆಗಿಂತ 20 ಮೀಟರ್ ಹಿಂದೆ, 10 ಮೀಟರ್ ಮುಂದೆ, ಒಟ್ಟು 30. ಬ್ಯಾಟನ್ ಕೈ ಬದಲಾಗಬೇಕಾದ್ದು ಇಷ್ಟರೊಳಗೆ. ಲೆಕ್ಕಕ್ಕೆ ಬರುವುದು ಬ್ಯಾಟನ್ ಎಲ್ಲಿದೆ ಎಂಬುದು. ಕಾಲು ಎಲ್ಲಿದೆ ಎಂಬುದಲ್ಲ.

ಮೊದಲ ಸಲವೇ ಕೆಟ್ಟಿತು. ಬ್ಯಾಟನ್ ತರುತ್ತಿದ್ದವಳು ಕೈ ಚಾಚಿದಳು, ಮುಂದಿನವಳು ಸಿಗಲೇ ಇಲ್ಲ.

“ಅವಳು ಮೊದಲೇ ಓಡಿಬಿಟ್ಳು ಸರ್.”

“ಇಲ್ಲ ಸರ್, ಇವಳೇ ನಿಧಾನ ಬಂದ್ಳು.”

“ಗುರುತು ಎಷ್ಟು ಪಾದ?”

“ಹದಿನಾರು.”

“ಹದಿನೈದು ಮಾಡ್ಕೊಳ್ರೇ.”

ಜಗಳ ಅಲ್ಲಿಗೆ ಮುಗಿಯಿತು. ಬ್ಯಾಟನ್ ಪಡೆಯುವವಳು ತಾನು ನಿಂತ ಜಾಗದಿಂದ ಹಿಂದಕ್ಕೆ ಪಾದಕ್ಕೆ ಪಾದ ಕೂಡಿಸಿ ಅಳೆದು ಗೆರೆ ಹಾಕುತ್ತಾಳೆ. ಬರುವವಳು ಆ ಗೆರೆ ಮುಟ್ಟಿದ ಕೂಡಲೇ ಇವಳು ಪೂರ್ತಿ ವೇಗಕ್ಕೆ ಕಿತ್ತುಕೊಂಡು ಹೊರಡಬೇಕು, ಹಿಂತಿರುಗಿ ನೋಡಕೂಡದು. ಸಿಗದೆ ಹೋದರೆ ಪಾದ ಕಡಿಮೆ ಮಾಡಬೇಕು. ಬರುವವಳು ಬೆನ್ನಿಗೇ ಬಂದು ಡಿಕ್ಕಿ ಹೊಡೆಯುವಂತಿದ್ದರೆ ಹೆಚ್ಚಿಸಬೇಕು. ಕೋಚ್ ಆದವರು ಕೂಗಾಡಿದರೆ ಹುಡುಗಿಯರು ಮಾಡುವುದು ಒಂದೇ: ಮುಂದಿನ ಸಲ ಹೆದರಿ ತಿರುಗಿ ನೋಡುತ್ತಾರೆ. ಅಲ್ಲಿಗೆ ವೇಗ ಸತ್ತಂತೆ. ನೂರು ಮೀಟರಿಗೆ 14 ಸೆಕೆಂಡ್ ತೆಗೆದುಕೊಳ್ಳುವವಳು ಅರ್ಧ ಸೆಕೆಂಡ್ ತಡವರಿಸಿದರೆ ಮೂರೂವರೆ ಮೀಟರ್ ಹೋಯಿತು.

ಪಾದದ ಲೆಕ್ಕವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಬರಿಗಾಲಲ್ಲಿ ಅಳೆದು ಸ್ಪರ್ಧೆಯ ದಿನ ಶೂ ಹಾಕಿ ಅಳೆದರೆ ಗುರುತು ಬೇರೆಯೇ ಕಡೆ ಬೀಳುತ್ತದೆ. ಅಭ್ಯಾಸದಲ್ಲಿ 40 ಮೀಟರಷ್ಟೇ ಓಡಿ ಬರುವವಳಿಗೆ ಇನ್ನೂ ದಮ್ಮಿರುತ್ತದೆ; ಸ್ಪರ್ಧೆಯಲ್ಲಿ ನೂರು ಮೀಟರ್ ಓಡಿ ಏದುಸಿರು ಬಿಡುತ್ತ ಬರುತ್ತಾಳೆ. ಹಾಗಾಗಿ ಒಂದೆರಡು ಸಲ ಪೂರಾ ನೂರು ಓಡಿಸಿಯೇ ನೋಡಬೇಕು. ಐದಾರು ಸಲ ಜೋರಾಗಿ ಓಡಿದ ಮೇಲೆ ಸುಸ್ತಾಗಿ ಎಲ್ಲ ಅಳತೆಯೂ ಸುಳ್ಳಾಗುತ್ತದೆ, ಅಲ್ಲಿಗೆ ನಿಲ್ಲಿಸುವುದು ಜಾಣತನ. “ಇನ್ನೊಂದ್ಸಲ ಸರ್” ಅಂತ ಮಕ್ಕಳು ದುಂಬಾಲು ಬೀಳುತ್ತಾರೆ. ಬೇಡ ಅನ್ನುವುದೂ ಕೋಚ್ ಕೆಲಸವೇ.

ಇನ್ನೊಂದು ತೊಡಕು ಬ್ಯಾಟನ್ನಿನದೇ. ಅದರ ಉದ್ದ 28ರಿಂದ 30 ಸೆಂಟಿಮೀಟರ್. ಕೆಳಗಿನಿಂದ ಮೇಲಕ್ಕೆ ಕೊಡುವ ಪದ್ಧತಿ ಮಕ್ಕಳಿಗೆ ಸುಲಭ, ಆದರೆ ಮೊದಲನೆಯವಳು ನಡುವೆ ಹಿಡಿದರೆ ಮೂರನೆಯವಳ ಹೊತ್ತಿಗೆ ಹಿಡಿಯಲು ಜಾಗವೇ ಇರುವುದಿಲ್ಲ. ತುದಿಯಲ್ಲಿ ಹಿಡಿಯುವುದನ್ನು ನಿಧಾನ ಓಟದಲ್ಲೇ ರೂಢಿ ಮಾಡಿಸಬೇಕು.

ಅತಿ ವೇಗದವಳನ್ನೇ ನಾಯಕಿ ಮಾಡುವುದು ನಮ್ಮಲ್ಲಿ ವಾಡಿಕೆ. ಈ ತಂಡದಲ್ಲಿ ಮೂರನೆಯ ಸರದಿಯಲ್ಲಿ ಓಡುವವಳನ್ನು ಮಾಡಿದ್ದರು. ಅವಳು ಪಡೆಯಲೂ ಬೇಕು, ಕೊಡಲೂ ಬೇಕು, ನಡುವೆ ತಿರುವಿನಲ್ಲಿ ಓಡಲೂ ಬೇಕು. ಎರಡು ಕಡೆಯ ಕಷ್ಟವೂ ಗೊತ್ತು. ಮೂರೂ ಜೋಡಿಗಳ ಪಾದದ ಲೆಕ್ಕ ಅವಳ ನೋಟ್‌ಬುಕ್ಕಿನಲ್ಲಿತ್ತು, ಒಣ ನೆಲಕ್ಕೆ ಒಂದು, ಕೆಸರಿಗೆ ಒಂದು. ಕೊನೆಯ ಎರಡು ಓಟಗಳಲ್ಲಿ ಪಾದ ಕಡಿಮೆ ಮಾಡಿಸಿದ್ದು ಅವಳೇ. ಮೇಷ್ಟ್ರು ಪಕ್ಕದಲ್ಲಿ ಸುಮ್ಮನೆ ಸ್ಟಾಪ್‌ವಾಚ್ ಹಿಡಿದು ನಿಂತಿದ್ದರು.

ಸ್ಪರ್ಧೆಯ ದಿನದ ಚೀಲಕ್ಕೆ ಆ ನೋಟ್‌ಬುಕ್, ಬ್ಯಾಟನ್ ಒರೆಸಲು ಒಣ ಬಟ್ಟೆ, ಒಂದು ಗಟ್ಟಿ ಕಡ್ಡಿ ಸೇರಿದವು. ಒದ್ದೆ ಮಣ್ಣಿಗೆ ಅಂಟುಪಟ್ಟಿ ನಿಲ್ಲುವುದಿಲ್ಲ, ಗುರುತನ್ನು ಗೀರಿಯೇ ಹಾಕಬೇಕು.