ಆ ಫೀಚರ್ ಯಾವಾಗ ಬರುತ್ತೆ?

ತುಮಕೂರಿನ ಡಿಟಿಪಿ ಅಂಗಡಿಯವರು, ಮೇಷ್ಟ್ರುಗಳು, ಕಾಲೇಜು ಹುಡುಗರು, ಉಚಿತ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್ ಬಗ್ಗೆ ಎಲ್ಲರದ್ದೂ ಒಂದೇ ಪ್ರಶ್ನೆ: "ಲಿಬ್ರೆಆಫೀಸ್‌ನಲ್ಲಿ ಆ ಫೀಚರ್ ಯಾವಾಗ ಬರುತ್ತೆ?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಕೆಲಸ ನಡೆಯುತ್ತಿರುವಾಗ ತಾರೀಕು ಕೋಡ್ ಬರೆಯುವವರ ಹತ್ತಿರವೂ ಇರುವುದಿಲ್ಲ. 'ಯಾವಾಗ' ಬಿಡಿ, 'ಎಲ್ಲಿದೆ' ಅಂತ ಕೇಳಿ. ಬೆಂಗಳೂರಿನ ಬಸ್ಸಿಗೆ ಕಾಯುವಾಗ "ನೆಲಮಂಗಲ ದಾಟ್ತಾ, ದಾಬಸ್‌ಪೇಟೆ ಬಂತಾ" ಅಂತ ವಿಚಾರಿಸುವುದಿಲ್ಲವೇ? ಫೀಚರ್ ಎಲ್ಲಿಗೆ ಬಂದಿದೆ ಅಂತಲೂ ಹಾಗೇ ನೀವೇ ನೋಡಿಕೊಳ್ಳಬಹುದು.

ಬಗ್‌ಝಿಲ್ಲಾದಲ್ಲಿ, ಅಂದರೆ ದೂರು-ಬೇಡಿಕೆ ದಾಖಲಿಸುವ ತಾಣದಲ್ಲಿ, ಪ್ರತಿ ಬೇಡಿಕೆಗೂ ಒಂದು ನಂಬರ್ ಇರುತ್ತದೆ. ಸ್ಟೇಟಸ್ 'ನ್ಯೂ' ಎಂದಿದ್ದರೆ ಕೆಲಸ ಶುರುವಾಗಿದೆ ಅಂತಲ್ಲ. ಬೇಡಿಕೆ ಸರಿಯಿದೆ ಅಂತ ಇನ್ನೊಬ್ಬರು ಒಪ್ಪಿದ್ದಾರೆ, ಅಷ್ಟೆ. ವರ್ಷಗಟ್ಟಲೆ 'ನ್ಯೂ' ಆಗಿಯೇ ಕೂತವು ಬೇಕಾದಷ್ಟಿವೆ. 'ಅಸೈನ್ಡ್' ಅಂದರೆ ಯಾರೋ ಕೈಗೆತ್ತಿಕೊಂಡಿದ್ದಾರೆ. ಅದನ್ನೂ ಪೂರ್ತಿ ನಂಬಬೇಡಿ, ಕೋಡ್ ಬದಲಾವಣೆಗಳನ್ನು ಪರಿಶೀಲಿಸುವ ತಾಣ ಗೆರಿಟ್‌ನಲ್ಲಿ ಕೊನೆಯ ಪ್ಯಾಚ್ ಯಾವತ್ತಿನದು ನೋಡಿ. ಕೋಡ್ ಮುಖ್ಯ ಶಾಖೆಗೆ (ಮುಂದಿನ ಆವೃತ್ತಿ ತಯಾರಾಗುವ ಮೂಲ ಕೋಡ್‌ಗೆ) ಸೇರಿದ ಮೇಲೆ ವೈಟ್‌ಬೋರ್ಡ್ ಎಂಬ ಜಾಗದಲ್ಲಿ 'ಟಾರ್ಗೆಟ್:25.8.0' ಥರದ ಸಾಲು ತಾನಾಗಿಯೇ ಬೀಳುತ್ತದೆ. ಕಣ್ಣಿಡಬೇಕಾದ್ದು ಅದರ ಮೇಲೆ. 25 ಅಂದರೆ 2025, 8 ಅಂದರೆ ಆಗಸ್ಟ್. ದೊಡ್ಡ ಆವೃತ್ತಿ ವರ್ಷಕ್ಕೆ ಎರಡೇ, ಫೆಬ್ರವರಿಗೊಂದು, ಆಗಸ್ಟ್‌ಗೊಂದು. ಸುಮಾರು ಎರಡು ತಿಂಗಳು ಮೊದಲೇ ಹೊಸ ಫೀಚರ್‌ಗಳಿಗೆ ಬಾಗಿಲು ಹಾಕುತ್ತಾರೆ. ಒಂದು ವಾರ ತಪ್ಪಿದರೆ ಆರು ತಿಂಗಳು ಮುಂದಕ್ಕೆ ಹೋಯಿತು. 25.8.1, 25.8.2ರಲ್ಲಿ ಬರುವುದು ರಿಪೇರಿ.

"ಫಿಕ್ಸ್ಡ್ ಅಂತ ಇದೆ, ನನ್ನ ಕಂಪ್ಯೂಟರಲ್ಲಿ ಯಾಕಿಲ್ಲ?" ಎಂದು ಜಗಳಕ್ಕೆ ಬರುವವರಿಗೆ: ಫಿಕ್ಸ್ಡ್ ಆಗಿರುವುದು ಆ ಮುಖ್ಯ ಶಾಖೆಯಲ್ಲಿ, ನಿಮ್ಮ ಮೇಜಿನ ಮೇಲಲ್ಲ. ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ 24.04 ಆವೃತ್ತಿಯ ಜೊತೆ ಬಂದದ್ದು ಲಿಬ್ರೆಆಫೀಸ್ 24.2. ಉಬುಂಟುವಿನ ಇನ್‌ಸ್ಟಾಲರ್ ಆಪ್ಟ್‌ನಲ್ಲಿ ಎಷ್ಟು ಅಪ್‌ಡೇಟ್ ಕೊಟ್ಟರೂ ಅದು 24.2ರಲ್ಲೇ ಇರುತ್ತದೆ, ಸ್ಥಿರತೆಗಾಗಿ ಹಾಗೆ ಇಟ್ಟಿದ್ದಾರೆ. ಹೊಸದು ಬೇಕಿದ್ದರೆ ಉಬುಂಟುವಿನ ಆವೃತ್ತಿಗೆ ಅಂಟಿಕೊಳ್ಳದೆ ಬೇರೆಯಾಗಿ ಸಿಗುವ ಫ್ಲಾಟ್‌ಪ್ಯಾಕ್ ಹಾಕಿಕೊಳ್ಳಿ.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: "ಬರುವ ಮೊದಲು ನಾನೇನು ಪರೀಕ್ಷಿಸಲಿ?" ದಯವಿಟ್ಟು ಇದನ್ನು ಕೇಳಿ. ಬೀಟಾ (ಬಿಡುಗಡೆಗೆ ಮೊದಲಿನ ಪರೀಕ್ಷಾ ಆವೃತ್ತಿ) ಇಳಿಸಿಕೊಳ್ಳಿ; ವಿಂಡೋಸ್‌ನಲ್ಲಿ ಅದು ಹಳೆಯದನ್ನು ಮುಟ್ಟದೆ ಪಕ್ಕದಲ್ಲಿ ಕೂರುತ್ತದೆ. 'ರ‍್ಯಾಂಕ್' ಅಂತ ಟೈಪ್ ಮಾಡಿ. ರ ಅಕ್ಷರ ಮತ್ತು ವಿರಾಮದ (ಒತ್ತಕ್ಷರ ಮಾಡುವ ಹಲಂತ ಚಿಹ್ನೆಯ) ನಡುವೆ ಕಣ್ಣಿಗೆ ಕಾಣದ ಒಂದು ಜಾಯಿನರ್ ಚಿಹ್ನೆ ಇದೆ. ಹೊಸ ಫೀಚರ್ ಅದನ್ನು ನುಂಗಿದರೆ ಪದ 'ರ್ಯಾಂಕ್' ಆಗಿ ಅರ್ಕಾವತ್ತು ಬಂದು ಕೂರುತ್ತದೆ. ಹುಡುಕಿ, ಬದಲಿಸಿ, ಸೇವ್ ಮಾಡಿ ಮತ್ತೆ ತೆರೆಯಿರಿ, ಪಿಡಿಎಫ್ ಮಾಡಿ. ಕನ್ನಡ ಓದಲು ಬಾರದ ಡೆವಲಪರ್‌ಗೆ ಈ ತಪ್ಪು ಕಾಣುವುದೇ ಇಲ್ಲ. ನಮಗೆ ಒಂದು ನೋಟ ಸಾಕು. ತಪ್ಪು ಕಂಡರೆ ಅದೇ ನಂಬರಿನ ಕೆಳಗೆ ಸ್ಕ್ರೀನ್‌ಶಾಟ್ ಹಾಕಿ, 'ಅಬೌಟ್' ಕಿಟಕಿಯಿಂದ ಆವೃತ್ತಿಯ ವಿವರ ಕಾಪಿ ಮಾಡಿ ಅಂಟಿಸಿ. ಅಂತಿಮ ಬಿಡುಗಡೆಗೆ ಮೊದಲೇ ಹಾಕಿ.